ನೀಲಿ ಗೇಟಿನ ಮನೆಗೆ ನೂರೈವತ್ತು ಬಿಲ್ಲೆ

"ಗಟ್ಟಿಯಾಗಿ ಹಿಡ್ಕೊಳ್ರೋ! ಬಿದ್ರೆ ಪುಡಿಪುಡಿ ಆಗೋಗುತ್ತೆ!" ಮೂನ್ ಸರ್ ಲಾರಿಯ ಪಕ್ಕದಲ್ಲಿ ನಿಂತು ಕೂಗಿದರು.

ಅವರು ಕೂಗಿ ಬಾಯಿ ಮುಚ್ಚುವಷ್ಟರಲ್ಲೇ ತೇಹೊನ ಕೈಯಿಂದ ಒಂದು ಬಿಲ್ಲೆ ಜಾರಿತು. ಧಪ್! ಕಪ್ಪು ಪುಡಿಯೆಲ್ಲ ಅವನ ಹೊಸ ಬಿಳಿ ಶೂಗಳ ಮೇಲೆ ಚೆಲ್ಲಿತು.

"ನಾನು ಬಿಡ್ಲಿಲ್ಲ ಸರ್, ಅದೇ ಹಾರ್ತು!"

ಐದನೇ ಕ್ಲಾಸಿನ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಎಲ್ಲರೂ ಅಂದರೆ ತಪ್ಪಾದೀತು. ಇಪ್ಪತ್ತಾರು ಮಕ್ಕಳಲ್ಲಿ ಇಪ್ಪತ್ತೈದು ಮಂದಿ ನಕ್ಕರು. ಸಾಲಿನ ನಡುವೆ ನಿಂತಿದ್ದ ದಾಸೊಮ್ ಮಾತ್ರ ನಗಲಿಲ್ಲ. ಅವಳ ಕಣ್ಣೆಲ್ಲ ಓಣಿಯ ಮೇಲ್ಗಡೆ ಕಾಣುತ್ತಿದ್ದ ನೀಲಿ ಗೇಟಿನ ಮೇಲಿತ್ತು.

ಬಿಲ್ಲೆ ಅಂದರೆ ಕಲ್ಲಿದ್ದಲ ಬಿಲ್ಲೆ. ಹಾಲಿನ ಪುಡಿಯ ಡಬ್ಬದಷ್ಟು ದಪ್ಪ, ಮೂರೂವರೆ ಕೆಜಿಗಿಂತ ಭಾರ, ಮೈತುಂಬ ಇಪ್ಪತ್ತೆರಡು ತೂತು. ಕೆಳಗಿನ ಪಟ್ಟಣದ ಮನೆಗಳಿಗೆಲ್ಲ ಗ್ಯಾಸ್ ಬಂದಿದೆ. ಗೋಡೆಯ ಮೇಲಿನ ಬಟನ್ ಒತ್ತಿದರೆ ಸಾಕು, ನೆಲದಡಿಯ ಪೈಪುಗಳಲ್ಲಿ ಬಿಸಿನೀರು ಹರಿದು ಮನೆಯ ನೆಲ ಬಿಸಿಯಾಗುತ್ತದೆ. ಬೆಟ್ಟದ ಮೇಲಿನ ಈ ಚಂದ್ರಕೇರಿಗೆ ಮಾತ್ರ ಇವತ್ತಿಗೂ ಬಿಲ್ಲೆಯೇ ಗತಿ. ಚಂದ್ರನಿಗೆ ಅಷ್ಟು ಹತ್ತಿರ ಇರುವುದರಿಂದ ಅದಕ್ಕೆ ಆ ಹೆಸರು. ಗ್ಯಾಸ್ ಪೈಪೂ ಇಷ್ಟೆತ್ತರಕ್ಕೆ ಹತ್ತಲಿಲ್ಲ, ಲಾರಿಯೂ ಹತ್ತುವುದಿಲ್ಲ. ಅದಕ್ಕೇ ನವೆಂಬರ್ ಬಂತೆಂದರೆ ಮಕ್ಕಳು, ದೊಡ್ಡವರು ಅಂತಿಲ್ಲದೆ ಯಾರಾದರೂ ಓಣಿಯುದ್ದಕ್ಕೂ ಸಾಲು ನಿಂತು ಕೈಯಿಂದ ಕೈಗೆ ಬಿಲ್ಲೆ ದಾಟಿಸಿ ಮನೆಮನೆಗೆ ಮುಟ್ಟಿಸುತ್ತಾರೆ.

ಮೂನ್ ಸರ್ ಪಟ್ಟಿಯಲ್ಲಿ ಮೂರು ಮನೆಗಳಿದ್ದವು. ಒಂದೊಂದಕ್ಕೆ ನೂರೈವತ್ತು ಬಿಲ್ಲೆ. ಎರಡನೆಯದು ನೀಲಿ ಗೇಟಿನ ಮನೆ.

ಅದು ದಾಸೊಮ್‌ಳ ಮನೆ. ಆದರೆ ಈ ವಿಷಯ ಕ್ಲಾಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಅವಳು ಈ ಸ್ಕೂಲಿಗೆ ಹೊಸದಾಗಿ ಸೇರಿದಾಗ ಅದೇ ಕ್ಲಾಸಿನ ಯೇರಿನ್ ಕೇಳಿದ್ದಳು, "ನಿಮ್ ಅಪಾರ್ಟ್‌ಮೆಂಟ್ ಯಾವ್ದೇ?" ಮನೆ ಎಲ್ಲಿ ಅಂತ ಕೇಳಿದ್ದರೆ ನಿಜ ಹೇಳುತ್ತಿದ್ದಳೋ ಏನೋ. ಅಪಾರ್ಟ್‌ಮೆಂಟ್ ಯಾವುದು ಅಂದದ್ದಕ್ಕೆ ನಾಲಗೆ ತಾನೇ ಉತ್ತರ ಕೊಟ್ಟಿತು, "ಬಸ್ ಸ್ಟಾಪ್ ಪಕ್ಕದ್ದು. ಹನ್ನೊಂದನೇ ಫ್ಲೋರ್."

ಒಂದು ಸುಳ್ಳು ಹೇಳಿದರೆ ಅದನ್ನು ಸಾಕುವುದಕ್ಕೆ ಇನ್ನೂ ಹತ್ತು ಬೇಕಾಗುತ್ತದೆ. ಯೇರಿನ್ ದಿನಾ ಸಂಜೆ ಅಪಾರ್ಟ್‌ಮೆಂಟ್ ಗೇಟಿನವರೆಗೆ ಜೊತೆಗೆ ಬರುತ್ತಿದ್ದಳು. ದಾಸೊಮ್ ಟಾಟಾ ಮಾಡಿ ಒಳಗೆ ಹೋಗಿ, ಸೈಕಲ್ ಸ್ಟ್ಯಾಂಡಿನ ಹಿಂದೆ ಅವಿತುಕೊಂಡು, ನೂರು ಎಣಿಸಿ ಹೊರಗೆ ಬರುತ್ತಿದ್ದಳು. ಆಮೇಲೆ ಬೆಟ್ಟದ ಮೆಟ್ಟಿಲು.

ಮನೆಯಲ್ಲಿ ಅವಳಿಗೇನೂ ಬೇಜಾರಿರಲಿಲ್ಲ. ಹೋದ ಭಾನುವಾರವಂತೂ ಹಬ್ಬದ ಹಾಗಿತ್ತು. ದೂರದೂರಿಗೆ ಲಾರಿ ಓಡಿಸುವ ಅಪ್ಪ ಒಂದು ದಿನದ ಮಟ್ಟಿಗೆ ಬಂದಿದ್ದ. ಚಳಿಗಾಲಕ್ಕೆ ಮುಂಚೆ, ಬಿಲ್ಲೆ ಉರಿಸಿ ನೆಲದಡಿಯ ನೀರು ಕಾಯಿಸುವ ಬಾಯ್ಲರ್ ಸರಿ ಮಾಡುವ ಕೆಲಸ ಅಪ್ಪ ಮತ್ತು ಮಗಳದ್ದು. ಇಬ್ಬರೂ ಸೇರಿ ಹೊಗೆ ಕೊಳವೆ ಬಿಚ್ಚಿ ಅಂಗಳಕ್ಕೆ ತಂದು ಕೋಲಿನಿಂದ ಬಡಿದರು. ಬಕೆಟ್‌ಗಟ್ಟಲೆ ಮಸಿ ಉದುರಿತು. ಸಂದಿಗಳಿಗೆಲ್ಲ ಬೆಳ್ಳಿ ಬಣ್ಣದ ಟೇಪು ಸುತ್ತಿದರು. ತೊಟ್ಟಿಗೆ ನೀರು ತುಂಬಿದರು. ನೆಲದಡಿಯ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಗುಳುಗುಳು ಅಂತ ಹೊರಗೆ ಬರುವಾಗ ಅಪ್ಪ, "ಕೇಳ್ದಾ, ನಿಮ್ಮಜ್ಜಿ ಹೊಟ್ಟೆ!" ಅಂದ. ಅಜ್ಜಿ ಒಳಗಿಂದಲೇ ಚಪ್ಪಲಿ ಎಸೆದಳು.

ಅದಾದ ಮೂರನೇ ದಿನಕ್ಕೆ ಮೂನ್ ಸರ್ ಕ್ಲಾಸಿನಲ್ಲಿ ಪಟ್ಟಿ ಓದಿದ್ದರು. ಅವತ್ತಿನಿಂದ ದಾಸೊಮ್‌ಗೆ ಊಟ ಸೇರಲಿಲ್ಲ.

ಇವತ್ತು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದ ಅಜ್ಜಿಯ ಹಿಂದೆ ನಿಂತು ಅವಳು ತೊದಲಿದ್ದಳು.

"ಅಜ್ಜೀ... ಇವತ್ತು ನಮ್ ಕ್ಲಾಸ್‌ನೋರು ಬರ್ತಾರಲ್ಲಾ. ಆವಾಗ ನೀನು... ನನ್ನ ಗೊತ್ತೇ ಇಲ್ಲದೋಳ ಥರ ಇರ್ತೀಯಾ?"

ಅಜ್ಜಿಯ ಕೈ ನೀರಿನಲ್ಲೇ ನಿಂತಿತು. ಮತ್ತೆ ಅಕ್ಕಿ ತಿಕ್ಕತೊಡಗಿತು.

"ಅದೇನ್ ಮಹಾ ಕಷ್ಟ! ಟೀವೀಲಿ ಎಷ್ಟ್ ಸೀರಿಯಲ್ ನೋಡಿದೀನಿ ನಾನು. ನೋಡ್ತಿರು, ಹೆಂಗ್ ಮಾಡ್ತೀನಿ ಅಂತ."

ಈಗ ಮೊದಲನೆಯ ಮನೆ ಮುಗಿದು, ಸಾಲು ನೀಲಿ ಗೇಟಿನವರೆಗೆ ಬಂದೇ ಬಿಟ್ಟಿತು. ದಾಸೊಮ್ ಹೇಗಾದರೂ ಮಾಡಿ ಕೆಳಗೆ ಲಾರಿಯ ಹತ್ತಿರ ನಿಲ್ಲೋಣ ಅಂದುಕೊಂಡಿದ್ದಳು. ಅಷ್ಟರಲ್ಲಿ ಸರ್, "ದಾಸೊಮ್, ನಿನ್ ಕೈ ಒಳ್ಳೇ ಗಟ್ಟಿ, ಒಂದೂ ಬೀಳ್ಸಿಲ್ಲ ನೀನು. ಒಳಗೆ ಜೋಡ್ಸೋಕೆ ಬಾ," ಅಂತ ಕರೆದೇ ಬಿಟ್ಟರು.

ಅಜ್ಜಿ ಹತ್ತಿಯ ಜಾಕೀಟು ತೊಟ್ಟು ಗೇಟಿನಲ್ಲೇ ನಿಂತಿದ್ದಳು. "ಬನ್ನಿ, ಬನ್ನಿ ಮಕ್ಕಳಾ. ಅಯ್ಯೋ, ಎಷ್ಟ್ ದಣಿದಿದೀರಾ!" ಅಂತ ಒಬ್ಬೊಬ್ಬರನ್ನೇ ಮಾತಾಡಿಸಿದಳು. ದಾಸೊಮ್ ಎದುರಿಗೆ ಬಂದಾಗ ತಲೆಯನ್ನು ಒಂದು ಕಡೆಗೆ ವಾಲಿಸಿ, ಸೀರಿಯಲ್ಲಿನ ಶ್ರೀಮಂತ ಅತ್ತೆಯ ಹಾಗೆ ಕೇಳಿದಳು.

"ಏನಮ್ಮಾ ಪುಟ್ಟೀ, ನಿಮ್ಮ ಹೆಸರೇನು?"

"ದಾ... ದಾಸೊಮ್."

"ಆಹಾಹಾ! ಎಂಥಾ ಚೆಂದದ ಹೆಸರು! ಯಾರಮ್ಮಾ ಇಟ್ಟಿದ್ದು?"

"ನಮ್ಮಜ್ಜಿ," ಅಂದಳು ದಾಸೊಮ್ ನೆಲ ನೋಡುತ್ತ.

"ನಿಮ್ಮಜ್ಜಿ ಭಾರೀ ಜಾಣೆ ಇರ್ಬೇಕು ಬಿಡಮ್ಮಾ!"

ಇಷ್ಟು ಅಂದವಳು ದಾಸೊಮ್‌ಳ ಕೋಟಿನ ಕಡೆ ನೋಡಿದಳು. ಜಿಪ್ಪು ಹೊಟ್ಟೆಯವರೆಗೆ ಬಿಚ್ಚಿಹೋಗಿತ್ತು. ಅಜ್ಜಿಯ ಕೈ ಮುಂದಕ್ಕೆ ಬಂತು. ಅರ್ಧಕ್ಕೇ ನಿಂತು, ವಾಪಸ್ಸು ಹೋಗಿ, ಅಜ್ಜಿಯ ಬೆನ್ನ ಹಿಂದೆ ಸೇರಿತು. ದಾಸೊಮ್ ತಾನೇ ಜಿಪ್ಪು ಎಳೆದುಕೊಂಡು ಬಾಯ್ಲರ್ ಶೆಡ್ಡಿಗೆ ಓಡಿದಳು.

ನೂರೈವತ್ತು ಬಿಲ್ಲೆಗಳು ಬಂದು ಮುಗಿದಾಗ ಎಲ್ಲರ ಮೂಗೂ ಕಪ್ಪಾಗಿತ್ತು. ತೇಹೊ ಬೇಕೆಂದೇ ಮೀಸೆ ಬರೆದುಕೊಂಡಿದ್ದ. ಅಜ್ಜಿ ಸೊಂಟ ಹಿಡಿದುಕೊಂಡು ಇಕ್ಕಳ ಕೈಗೆತ್ತಿಕೊಂಡಳು.

"ಬೆಳಿಗ್ಗೆ ಹಾಕಿದ್ದು ಉರಿದು ಮುಗೀತಾ ಬಂತು. ಹೊಸದೊಂದು ಹಾಕ್ಬಿಡ್ತೀನಿ ತಡೀರಿ."

"ಕೊಡಿ ಅಜ್ಜೀ, ನಾನು ಹಾಕ್ತೀನಿ. ನೀವು ಒಳಗೆ ಹೋಗಿ," ಅಂತ ಮೂನ್ ಸರ್ ಇಕ್ಕಳ ಕಿತ್ತುಕೊಂಡರು. ಅಜ್ಜಿ ಬೇಡ ಬೇಡ ಅಂದರೂ ಬಿಡಲಿಲ್ಲ. ಮೇಷ್ಟರ ಮಾತು ಮೀರುವುದು ಹೇಗೆ? ಮಕ್ಕಳಿಗೆಂದು ಬೇಯಲು ಇಟ್ಟಿದ್ದ ಗೆಣಸು ನೋಡಲು ಅಜ್ಜಿ ಒಳಗೆ ಹೋದಳು.

ಪಾಪ, ಸರ್ ಹುಟ್ಟಿ ಬೆಳೆದದ್ದೆಲ್ಲ ಬಟನ್ ಒತ್ತುವ ಮನೆಯಲ್ಲೇ. ಬಾಯ್ಲರಿನೊಳಗೆ ಒಂದರ ಮೇಲೊಂದು ಎರಡು ಬಿಲ್ಲೆಗಳಿದ್ದವು. ಕೆಂಪಗೆ ಉರಿಯುತ್ತಿದ್ದ ಮೇಲಿನ ಬಿಲ್ಲೆಯನ್ನು ಹೊರಗೆ ತೆಗೆದರು. ಅಡಿಯಲ್ಲಿದ್ದ ಬೂದಿ ಬಿಲ್ಲೆಯನ್ನೂ ತೆಗೆದರು. ಕೆಂಪು ಬಿಲ್ಲೆಯನ್ನು ಅಡಿಗೆ ಇಳಿಸಿದರು. ಇಲ್ಲಿಯವರೆಗೆ ಸರಿ. ಆಮೇಲೆ ಹೊಸ ಕಪ್ಪು ಬಿಲ್ಲೆಯನ್ನು ಅದರ ಮೇಲೆ ದಬಕ್ಕನೆ ಕೂರಿಸಿ, ಮುಚ್ಚಳ ಹಾಕಿ, ಕೈ ಕೊಡವಿದರು.

"ಮುಗೀತು! ಇಷ್ಟೇ ಕಣ್ರೋ!"

ಮಕ್ಕಳು ಚಪ್ಪಾಳೆ ತಟ್ಟಿದರು. ಮುಚ್ಚಳದ ಸುತ್ತಲಿನಿಂದ ತೆಳ್ಳಗೆ ಹೊಗೆ ಎದ್ದಿತು. ಯೇರಿನ್ ಕೆಮ್ಮಿದಳು.

"ಹೊಸದಲ್ವಾ, ಮೊದಲು ಸ್ವಲ್ಪ ಹೊಗೆ ಇರುತ್ತೆ," ಅಂದರು ಸರ್.

ಇರುವುದಿಲ್ಲ. ದಾಸೊಮ್‌ಗೆ ಗೊತ್ತಿತ್ತು. ಮೇಲಿನ ಬಿಲ್ಲೆಯ ತೂತು ಕೆಳಗಿನ ಬಿಲ್ಲೆಯ ತೂತಿಗೆ ಕೂಡದಿದ್ದರೆ ಬೆಂಕಿಗೆ ಉಸಿರಿಲ್ಲ. ಉಸಿರು ಕಟ್ಟಿದ ಬೆಂಕಿ ಕಣ್ಣಿಗೆ ಕಾಣದ, ಮೂಗಿಗೆ ವಾಸನೆ ಬಾರದ ವಿಷದ ಗಾಳಿ ಬಿಡುತ್ತದೆ. ಈ ಶೆಡ್ಡಿಗೂ ಅಜ್ಜಿಯ ಕೋಣೆಗೂ ನಡುವೆ ಒಂದೇ ಬಾಗಿಲು.

ಮಾತಾಡಿದರೆ ಎಲ್ಲರಿಗೂ ತಿಳಿಯುತ್ತದೆ. ಮಾತಾಡದಿದ್ದರೆ?

"ಸರ್!" ತನ್ನ ಧ್ವನಿ ಅಷ್ಟು ಜೋರಾಗಿ ಬಂದದ್ದು ಕೇಳಿ ದಾಸೊಮ್ ತಾನೇ ಬೆಚ್ಚಿದಳು. "ಎಲ್ರನ್ನೂ ಆಚೆ ಕಳ್ಸಿ! ತೂತಿಗೆ ತೂತು ಕೂಡ್ಸಿಲ್ಲ ನೀವು!"

"ಏನ್ ಕೂಡ್ಸಿಲ್ಲ?"

ಅವಳು ಉತ್ತರ ಹೇಳುತ್ತ ನಿಲ್ಲಲಿಲ್ಲ. ಹೊರಬಾಗಿಲನ್ನು ಕಾಲಿನಿಂದ ಪೂರ್ತಿ ತಳ್ಳಿದಳು. ಸರ್ ಪಕ್ಕಕ್ಕಿಟ್ಟಿದ್ದ ಇಕ್ಕಳ ಎತ್ತಿಕೊಂಡಳು. ಉಸಿರು ಬಿಗಿಹಿಡಿದು, ಮುಖ ಅತ್ತ ತಿರುಗಿಸಿ ಮುಚ್ಚಳ ಎತ್ತಿದಳು. ಇಕ್ಕಳದ ಎರಡು ಮೂತಿಗಳನ್ನು ಎರಡು ತೂತಿಗೆ ಇಳಿಸಿ, ಬಿಲ್ಲೆಯನ್ನು ಅಷ್ಟೇ ಅಷ್ಟು ಎತ್ತಿ, ಮೆಲ್ಲಗೆ ತಿರುಗಿಸಿದಳು. ಒಂದು ತೂತಿನಲ್ಲಿ ಕೆಂಪು ಕಂಡಿತು. ಇನ್ನೊಂದು ಚೂರು ತಿರುಗಿಸಿದಳು. ಪಳಪಳ ಅಂತ ಇಪ್ಪತ್ತೆರಡು ತೂತುಗಳಲ್ಲೂ ಬೆಂಕಿ ಇಣುಕಿತು. ಮುಚ್ಚಳ ಮುಚ್ಚಿ, ಕೆಳಗಿನ ಗಾಳಿ ಕಿಂಡಿಯನ್ನು ಎರಡು ಬೆರಳಷ್ಟು ತೆರೆದು, ಹೊರಗೆ ಬಂದು ಉಸಿರು ಬಿಟ್ಟಳು. ಹೊಗೆ ನಿಂತಿತ್ತು.

ಶೆಡ್ಡಿನಲ್ಲಿದ್ದವರೆಲ್ಲ ಆಗಲೇ ಅಂಗಳಕ್ಕೆ ಬಂದಿದ್ದರು. ಮೊದಲು ಬಾಯಿ ಬಿಟ್ಟವನು ತೇಹೊ, "ಏಯ್! ಇದೆಲ್ಲ ನಿಂಗೆ ಹೆಂಗೆ ಗೊತ್ತು?"

ಕೂಗು ಕೇಳಿ ಅಜ್ಜಿ ಬಾಗಿಲಿಗೆ ಬಂದಿದ್ದಳು. ದಾಸೊಮ್‌ಳ ಕೈಯಲ್ಲಿನ ಇಕ್ಕಳ ನೋಡಿದಳು, ಮಕ್ಕಳ ಮುಖ ನೋಡಿದಳು. ತಕ್ಷಣ ನಗೆ ತಂದುಕೊಂಡು, "ಟೀವೀಲಿ ನೋಡಿರುತ್ತೆ ಬಿಡಪ್ಪಾ ಮಗು! ಈಗಿನ ಮಕ್ಕಳಿಗೆ ಗೊತ್ತಿಲ್ಲದ್ದು ಏನಿದೆ? ಯಾರ ಮನೆ ಮಗುವೋ ಏನೋ, ಎಷ್ಟ್ ಚುರುಕು!" ಅಂದಳು.

ಯಾರ ಮನೆ ಮಗುವೋ ಏನೋ! ಆ ಮಾತು ದಾಸೊಮ್‌ಗೆ ಚುರುಕ್ಕೆಂದು ಸುಟ್ಟಿತು. ತಾನೇ ಬೇಡಿಕೊಂಡ ಮಾತು, ಆದರೂ ಸುಟ್ಟಿತು.

"ಟೀವೀಲಲ್ಲ," ಅಂದಳು. "ಇದು ನಮ್ಮನೆ. ಇವಳು ನಮ್ಮಜ್ಜಿ. ನಂಗೆ ಹೇಳ್ಕೊಟ್ಟಿದ್ದು ಅವಳೇ."

ತೇಹೊ ಮೀಸೆ ಕೆರೆದುಕೊಂಡ. ಅವನಿಗೆ ಒಂದೇ ಸಮಸ್ಯೆ. "ಮತ್ತೆ ಅಜ್ಜೀ, ಆಗ್ಲೇ ಇವಳ ಹೆಸರು ಕೇಳಿದ್ರಲ್ಲಾ! ಮೊಮ್ಮಗಳ ಹೆಸರೇ ಮರ್ತೋಯ್ತಾ?"

"ಎಲಾ ಇವನ! ನಾನೇ ಇಟ್ಟ ಹೆಸರು ಕಣೋ, ಹೆಂಗೋ ಮರೀಲಿ!"

ಈ ಸಲ ನಕ್ಕವರು ಇಪ್ಪತ್ತಾರೂ ಮಂದಿ. ಮೂನ್ ಸರ್ ಎಲ್ಲರಿಗಿಂತ ಜೋರಾಗಿ ನಕ್ಕು, ದಾಸೊಮ್‌ಗೆ ಬಗ್ಗಿ ನಮಸ್ಕಾರ ಮಾಡಿ, "ನಂಗೂ ಹೇಳ್ಕೊಡಿ ಟೀಚರ್," ಅಂದರು. ಗೋಡೆ ಬದಿಗೆ ಒಟ್ಟಿದ್ದ ಹಳೆಯ ಬೂದಿ ಬಿಲ್ಲೆಗಳನ್ನು ಅಂಗಳದಲ್ಲಿ ಜೋಡಿಸಿಟ್ಟು ಪಾಠ ಶುರುವಾಯಿತು. ನಾನು ನಾನು ಅಂತ ಇಕ್ಕಳಕ್ಕೆ ಕಿತ್ತಾಟ. ತೇಹೊ ಮೂರು ಬಿಲ್ಲೆ ಒಡೆದ. ಸರ್ ನಾಲ್ಕು ಒಡೆದರು.

ನಗು ನಿಂತ ಮೇಲೆ ಯೇರಿನ್ ಮಾತ್ರ ಮುಖ ಊದಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ದಾಸೊಮ್ ಮೆಲ್ಲಗೆ ಹತ್ತಿರ ಹೋದಳು.

"ಹನ್ನೊಂದನೇ ಫ್ಲೋರ್ ಅಂದಿದ್ಯಲ್ಲಾ?" ಅಂದಳು ಯೇರಿನ್.

"ಸುಳ್ಳು. ಇನ್ನೂರ ಹನ್ನೆರಡು ಮೆಟ್ಲು. ಲಿಫ್ಟ್ ಇಲ್ಲ."

ಯೇರಿನ್ ಮುಖ ಊದಿಸಿಕೊಂಡೇ ಇದ್ದಳು. ಲೆಕ್ಕ ಹಾಕುತ್ತಿರುವ ಹಾಗಿತ್ತು. "ಅಂದ್ರೆ ನಾನು ಹೋದ್ಮೇಲೆ ದಿನಾ ಒಬ್ಳೇ ಇಷ್ಟೊಂದು ಹತ್ತಿದ್ಯಾ? ಕತ್ತೆ!" ಎಂದು ಭುಜಕ್ಕೊಂದು ಗುದ್ದಿದಳು. "ಸೋಮವಾರದಿಂದ ನಾನೂ ಬರ್ತೀನಿ. ಆದ್ರೆ ನನ್ ಬ್ಯಾಗ್ ನೀನೇ ಹೊರ್ಬೇಕು."

ಗುದ್ದು ಜೋರಾಗಿಯೇ ಬಿದ್ದಿತ್ತು. ದಾಸೊಮ್‌ಗೆ ಖುಷಿಯಾಯಿತು.

ಗೆಣಸು ಬೆಂದಿತ್ತು. ಅಂಗಳದ ತುಂಬ ಶೂಗಳನ್ನು ಬಿಟ್ಟು ಎಲ್ಲರೂ ಕೋಣೆಯೊಳಗೆ ತುಂಬಿಕೊಂಡರು, ಹಿಡಿಸದವರು ಜಗುಲಿಯಲ್ಲಿ ಕೂತರು. ಬಾಯ್ಲರಿನ ಪೈಪು ನೆಲದಡಿಗೆ ಬರುವ ಮೂಲೆ ಎಲ್ಲಕ್ಕಿಂತ ಬೆಚ್ಚಗಿನ ಜಾಗ. ಅಲ್ಲಿ ದೊಡ್ಡವರನ್ನು ಕೂರಿಸುವುದು ರೂಢಿ. ಅಜ್ಜಿ ಒತ್ತಾಯ ಮಾಡಿ ಮೂನ್ ಸರ್ ಅವರನ್ನು ಅಲ್ಲಿ ಕೂರಿಸಿ, ಮೇಲೆ ರಜಾಯಿ ಹೊದಿಸಿದಳು. ತಾನು ಮಾತ್ರ ಬಾಗಿಲ ಬಳಿ ನಿಂತು ಗೆಣಸು, ಖಾರ ಹಚ್ಚಿ ಹುಳಿ ಬರಿಸಿದ ಮೂಲಂಗಿ ಕಿಮ್ಚಿ ಬಡಿಸುತ್ತಲೇ ಇದ್ದಳು.

ದಾಸೊಮ್ ತಟ್ಟೆ ಇಸಿದುಕೊಳ್ಳಲು ಹೋದಾಗ ಅಜ್ಜಿ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು, "ನಾನು ಸರಿಯಾಗೇ ಮಾಡಿದ್ದೆ ಕಣೇ. ನೀನೇ ಕೆಡಿಸ್ಬಿಟ್ಟೆ."

ಅಜ್ಜಿ ನಗುತ್ತಿದ್ದಳು. ದಾಸೊಮ್‌ಗೂ ನಗು ಬಂತು. ಅಷ್ಟರಲ್ಲಿ ಅವಳ ಕಣ್ಣು ಅಜ್ಜಿಯ ಕಾಲಿನ ಮೇಲೆ ಬಿತ್ತು. ಗೇಟಿನ ಬಳಿ ಮಂಜು ಕರಗಿದ ನೀರಿಗೆ ಕಾಲುಚೀಲ ಒದ್ದೆಯಾಗಿತ್ತು. ಮೊದಲನೆಯ ಮನೆಗೆ ಬಿಲ್ಲೆ ಸಾಗುವಾಗಲೂ ಅಜ್ಜಿ ನೀಲಿ ಗೇಟಿನಲ್ಲೇ ನಿಂತಿದ್ದಳು, ಎರಡು ಗಂಟೆಯ ಹೊತ್ತು. ಯಾರನ್ನು ನೋಡಲು ಅಂತ ದಾಸೊಮ್‌ಗೆ ಈಗ ಹೊಳೆಯಿತು.

"ಸರ್," ಅಂದಳು, "ಸ್ವಲ್ಪ ಆಚೆ ಸರೀತೀರಾ? ಅಲ್ಲಿ ನಮ್ಮಜ್ಜಿ ಕೂತ್ಕೋಬೇಕು."

"ಥೂ! ಮೇಷ್ಟ್ರನ್ನ ಎಬ್ಬಿಸ್ತಾರೇನೇ!" ಅಜ್ಜಿ ಗಾಬರಿಯಾದಳು. ಸರ್ ಆಗಲೇ ಗೆಣಸು ಹಿಡಿದುಕೊಂಡು ತೇಹೊನ ಪಕ್ಕಕ್ಕೆ ನೆಗೆದಿದ್ದರು.

ದಾಸೊಮ್ ಅಜ್ಜಿಯನ್ನು ಕೈ ಹಿಡಿದು ಎಳೆದು ಕೂರಿಸಿದಳು. ಒದ್ದೆ ಕಾಲುಚೀಲ ಬಿಚ್ಚಿ, ರಜಾಯಿಯೊಳಗೆ ಕೈ ಹಾಕಿ, ಅಜ್ಜಿಯ ಎರಡೂ ಪಾದಗಳನ್ನು ಹಿಡಿದುಕೊಂಡಳು. ಅವು ಮಂಜುಗಡ್ಡೆಯಷ್ಟು ತಣ್ಣಗಿದ್ದವು.

"ಬಿಡೇ, ನಿನ್ ಸ್ನೇಹಿತ್ರೆಲ್ಲ ನೋಡ್ತಿದಾರೆ," ಅಂದಳು ಅಜ್ಜಿ.

"ನೋಡ್ಲಿ."

ಮೂರನೆಯ ಮನೆಯ ಬಿಲ್ಲೆಗಳು ಲಾರಿಯಲ್ಲಿ ಇನ್ನೂ ಹಾಗೇ ಇದ್ದವು. ಸರ್ ಇನ್ನೊಂದು ಗೆಣಸು ಸುಲಿಯತೊಡಗಿದರು. ಪಾದ ಬೆಚ್ಚಗಾಗುವ ತನಕ ದಾಸೊಮ್ ಕೈ ಬಿಡಲಿಲ್ಲ.