ಮೆಟ್ಟಿಲಿಗೆ ಕಟ್ಟಿದ ಕೆಂಪು ಬಟ್ಟೆ

ಪುಸ್ತಕ ಕಟ್ಟುವ ಬೈಂಡರ್ ತನ್ನ ಕುಂಚಕ್ಕೆ ಹತ್ತಿದ್ದ ಒಣ ಅಂಟನ್ನು ಉಗುರಿನಿಂದ ಕೀಳುತ್ತ ಕೂತಿದ್ದ. ಕೂದಲು ಕೂದಲಾಗಿ ಬಿಡಿಸಬೇಕು. ಸದ್ದು ಮಾಡಬಾರದು. ಸುತ್ತಿಗೆ ಕೈಗೆಟುಕುವಲ್ಲೇ ಇತ್ತು, ಮುಟ್ಟುವಂತಿರಲಿಲ್ಲ. ಮೆಟ್ಟಿಲ ಕಂಬಿಗೆ ಕೆಂಪು ಬಟ್ಟೆ ಕಟ್ಟಿತ್ತು.

ಕೆಂಪು ಬಟ್ಟೆ ಕಟ್ಟಿದೆ ಎಂದರೆ ಮೇಲೆ ಓದು ನಡೆದಿದೆ, ಅದನ್ನು ರೆಕಾರ್ಡ್ ಮಾಡುತ್ತಿದ್ದಾರೆ ಎಂದರ್ಥ. ಆಗ ಕೆಳಗೆ ಹೊಲಿಗೆ ಇಲ್ಲ, ಸುತ್ತಿಗೆ ಇಲ್ಲ, ಮಾತಿಲ್ಲ. ಪುಸ್ತಕದಂಗಡಿಯ ಒಡತಿಯನ್ನು ಬಿಟ್ಟು ಯಾರೂ ಮೇಲೆ ಹೋಗುವಂತಿಲ್ಲ. ಎಲ್ಲರೂ ಅಕ್ಕ ಎಂದು ಕರೆಯುವ ಆಕೆ ಕೂಡ ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟೇ ಹತ್ತಬೇಕು. ಅದು ಅವರೇ ಮಾಡಿದ ನಿಯಮ. ಆಗತಾನೇ ಹಾಗೆ ಹತ್ತಿ ಹೋಗಿದ್ದರು.

"ಹುರಿ ಸುರುಳಿ ಉರುಳಿ ಮರಳಿ ಸುರುಳಿ ಹುರಿ..."

ಗಾಳಿಕಿಂಡಿಯಿಂದ ದನಿ ಇಳಿದು ಬರುತ್ತಿತ್ತು. ಅಕ್ಕನ ತಮ್ಮನ ದನಿ. ಹೂಜಿಯಿಂದ ನೀರು ಸುರಿದ ಹಾಗೆ. ಒಂದು ಕಡೆಯೂ ಎಡವಲಿಲ್ಲ.

ಧಡ್!

ಬೈಂಡರ್ ತಲೆ ಎತ್ತಿದ. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಕೋಣೆಯಿಂದ ಕೌಂಟರಿನಾಕೆಯೂ ಕತ್ತು ಚಾಚಿದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಮೇಲೆ ದನಿ ನಿಲ್ಲಲಿಲ್ಲ. ಸುರುಳಿ ಉರುಳುತ್ತಲೇ ಇತ್ತು. ಬೈಂಡರ್ ಮತ್ತೆ ಕುಂಚದತ್ತ ಬಗ್ಗಿದ.

ಬಹಳ ಹೊತ್ತಿನ ಮೇಲೆ ಓದು ಮುಗಿಯಿತು. ತಮ್ಮ ಕೆಳಗೆ ಬಂದು ಬಟ್ಟೆ ಬಿಚ್ಚಿದ.

"ಅಕ್ಕ ಎಲ್ಲಿ?"

"ಮೇಲೇ ಇದಾರಲ್ಲ. ಆಗ್ಲೇ ಹೋದ್ರು," ಎಂದಳು ಕೌಂಟರಿನಾಕೆ. ಕರೆಯಲು ತಾನೇ ಹತ್ತಿದಳು.

ಮರುಕ್ಷಣ ಅವಳು ಕಿರುಚಿದ್ದು ಕೇಳಿಸಿತು.

ಪುಸ್ತಕದ ದಾಸ್ತಾನು ಕೋಣೆಯಲ್ಲಿ ಅಕ್ಕ ಬಿದ್ದಿದ್ದರು. ಎದೆಯ ಮೇಲೆ, ತಲೆಯ ಪಕ್ಕ ಭಾರದ ಪುಸ್ತಕದ ಕಟ್ಟುಗಳು. ಕಿವಿಯಿಂದ ರಕ್ತ. ಕಣ್ಣು ತೆರೆದಿತ್ತು. ತುಟಿ ಅಲ್ಲಾಡುತ್ತಿತ್ತು. ದನಿ ಮಾತ್ರ ಇರಲಿಲ್ಲ.

* * *

ಇನ್ಸ್‌ಪೆಕ್ಟರ್ ನಡುವಯಸ್ಸಿನ ಹೆಂಗಸು. ಮಾತು ಕಡಿಮೆ, ನೋಟ ಜಾಸ್ತಿ. ಅಂಗಡಿಯ ಬಾಗಿಲ ಮೇಲಿನ ಹಲಗೆಯನ್ನು ಓದಿಯೇ ಒಳಗೆ ಬಂದರು: 'ಕುತೂಹಲ ಇದ್ದವರು ಬನ್ನಿ. ಇಲ್ಲದವರೂ ಬನ್ನಿ, ಒಳಗೆ ಸಿಗುತ್ತದೆ.'

ಒಳಗೆ ಎಂತೆಂಥವೋ ಪುಸ್ತಕಗಳು. ಬಿಚ್ಚಲಾಗದ ಗಂಟು ಹಾಕುವುದು ಹೇಗೆ. ಬೆಕ್ಕು ಕಾಲೂರಿಯೇ ಯಾಕೆ ಬೀಳುತ್ತದೆ. ಸೇತುವೆಯ ಹೊಟ್ಟೆಯೊಳಗೆ ಏನಿದೆ. ನೆರಳಾಟ, ಒಗಟು, ಮೋಡ ಓದುವ ವಿದ್ಯೆ. ಒಂದು ಗೋಡೆಯ ತುಂಬ ನಾಲಿಗೆ ತೊಡರಿಸುವ ಸಾಲುಗಳ ಪುಸ್ತಕಗಳೇ. ಅವನ್ನು ಹುಡುಕಿ, ಕಟ್ಟಿ, ಅಚ್ಚು ಹಾಕಿಸುವುದು ಅಕ್ಕನ ಜೀವ. ಈ ಸಲದ ಹೊಸ ಪುಸ್ತಕದ ಜೊತೆಗೆ ತಮ್ಮನ ದನಿಯೂ ಬರುವುದಿತ್ತು.

ಪೇದೆ ಒಂದನ್ನು ಎಳೆದು ಓದಿದ. "ರಟ್ಟಿನಂಟು ಬಟ್ಟೆಗಂಟು, ಬಟ್ಟೆಯಂಟು ರಟ್ಟಿಗಂಟು, ರಟ್ಟಿನಟ್ಟು... ಬಟ್ಟಿ... ಥೂ!"

"ಸಾಕಪ್ಪ. ನಾಲಿಗೆ ಗಂಟು ಬಿಡಿಸೋಕೆ ನಮ್ಮ ಹತ್ರ ಟೈಮಿಲ್ಲ. ಮೇಲೆ ಬಾ," ಎಂದರು ಇನ್ಸ್‌ಪೆಕ್ಟರ್.

ದಾಸ್ತಾನು ಕೋಣೆಯಲ್ಲಿ ಸೂರಿನವರೆಗೆ ಕಬ್ಬಿಣದ ಗೂಡುಗಳು. ಮೇಲಿನ ಗೂಡೊಂದು ಅರ್ಧ ಖಾಲಿ. ಮರದ ಏಣಿ ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು.

"ಏಣಿ ಮುಟ್ಟಿದ್ದು ಯಾರು?"

"ಯಾರೂ ಇಲ್ಲ ಮೇಡಂ. ನಾ ಬಂದಾಗಲೂ ಅಲ್ಲೇ ಇತ್ತು," ಎಂದಳು ಕೌಂಟರಿನಾಕೆ. ಸೆರಗಿನ ತುದಿ ಬಾಯಲ್ಲಿತ್ತು.

"ಏಣಿಯಿಂದ ಜಾರಿರ್ಬೇಕು ಮೇಡಂ," ಎಂದ ಪೇದೆ.

"ಜಾರಿ ಬಿದ್ದೋರು ಎದ್ದು, ಏಣಿ ನೇತುಹಾಕಿ, ಮತ್ತೆ ಬಂದು ಮಲಗ್ತಾರಾ?"

ಪೇದೆ ಏಣಿಯನ್ನೇ ಬಗ್ಗಿ ನೋಡತೊಡಗಿದ.

ಪಕ್ಕದ್ದೇ ಓದುವ ಕೋಣೆ. ಗೋಡೆಗೆಲ್ಲ ಹತ್ತಿಯ ಮೆತ್ತೆ ಹೊಡೆದಿತ್ತು. ಒಂದು ಮೈಕು, ಒಂದು ಸ್ಪೀಕರು, ಒಂದು ಕುರ್ಚಿ. ತಮ್ಮ ತಲೆ ಹಿಡಿದುಕೊಂಡು ಕೂತಿದ್ದ. ರೇಡಿಯೋದಲ್ಲಿ ಓದುವವನು. ಅವನ ಮುಖ ಗೊತ್ತಿಲ್ಲದವರಿಗೂ ದನಿ ಗೊತ್ತು.

"ಸದ್ದು ಕೇಳಿಸ್ಲಿಲ್ವಾ ನಿಮಗೆ?"

"ಈ ಮೆತ್ತೆ ನೋಡಿ. ಹೊರಗೆ ಗುಡುಗಿದ್ರೂ ಕೇಳಲ್ಲ. ಕೇಳಿಸಿದ್ರೆ ಓಡಿ ಬರ್ತಿರ್ಲಿಲ್ವಾ ಮೇಡಂ? ನನ್ನ ಸಾಕಿದೋಳು ಅವಳು." ಅವನ ಕಣ್ಣಲ್ಲಿ ನೀರಿತ್ತು.

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಕೆಳಗಿದ್ದ ಇಬ್ಬರೂ ಒಂದೇ ಮಾತು ಹೇಳಿದ್ದರು. ಧಡ್ ಎಂದಾಗ ತಮ್ಮ ಓದುತ್ತಲೇ ಇದ್ದ. ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು?

"ಮೇಡಂ," ಪೇದೆ ಏಣಿಯ ಹತ್ತಿರದಿಂದ ಕೂಗಿದ. "ಇಲ್ಲಿ ಅಂಟು ಮೆತ್ತಿದೆ. ಬೆರಳಿನ ಗುರುತು!"

* * *

"ನಂದೇ ಅದು," ಎಂದ ಬೈಂಡರ್. "ಬೆಳಿಗ್ಗೆ ಹತ್ತಿದ್ದೆ. ಚಿತ್ರದ ಹಾಳೆ ಇಡೋಕೆ."

"ಯಾವ ಚಿತ್ರ?"

"ಹೊಸ ಪುಸ್ತಕದ ಮೊದಲ ಪುಟಕ್ಕೆ ಅಂಟಿಸೋದು. ಹಳೇ ಫೋಟೋ. ಒಂದು ಪುಟ್ಟ ಹುಡುಗ ಸ್ಟೂಲ್ ಮೇಲೆ ನಿಂತು ಬಾಯಿ ತೆಗ್ದಿದಾನೆ. ಸುತ್ತ ಜನ ನಗ್ತಿದಾರೆ. ಯಾರು ಅಂತ ಕೇಳಿದ್ರೆ ಅಕ್ಕ ಹೇಳ್ಲಿಲ್ಲ. ಅವರೂ ನಗ್ತಿದ್ರು."

"ಆ ಹಾಳೆಗಳು ಈಗ ಗೂಡಲ್ಲಿಲ್ಲ."

"ಅಲ್ಲೇ ಇಟ್ಟಿದ್ದೆ ಮೇಡಂ."

"ಅಕ್ಕ ನಿನಗೆ ಬೈದಿದ್ರಂತೆ?"

"ಬೈಯ್ಯದೇ ಇದ್ದ ದಿನ ಯಾವ್ದು? ರಟ್ಟು ಸೊಟ್ಟ ಕೂರ್ಸಿದ್ದೆ. 'ನಿನ್ನ ಮೂಗಿನ ಥರಾನೇ ಕೂರ್ಸಿದೀಯ' ಅಂದ್ರು." ಅವನು ಮೂಗು ಮುಟ್ಟಿಕೊಂಡ. ನಗಲಿಲ್ಲ.

ಮೆಟ್ಟಿಲು ಇದ್ದದ್ದು ಅವನು ಕೂತ ಕೋಣೆಯಲ್ಲಿ. ಕೌಂಟರಿನಾಕೆಗೆ ಅವನು ಕಾಣಿಸುತ್ತಿದ್ದದ್ದು ಕತ್ತು ಚಾಚಿದಾಗ ಮಾತ್ರ; ಧಡ್ ಎಂದು ಅವಳು ಚಾಚುವಷ್ಟರಲ್ಲಿ ಅವನು ಇಳಿದು ಬಂದು ಕೂತಿರಬಹುದು. ಅವನು ಸುಮ್ಮನೆ ಕುಂಚ ಬಿಡಿಸುತ್ತಿದ್ದ, ಅಷ್ಟೆ. ತಮ್ಮನ ಪರವಾಗಿ ಅವನ ದನಿ ಇತ್ತು. ಬೈಂಡರನ ಪರವಾಗಿ ಏನೂ ಇರಲಿಲ್ಲ. ಪೇದೆ ಅವನನ್ನು ಜೀಪು ಹತ್ತಿಸಿದ. ಅವನು ಅಂಟಿನ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಹತ್ತಿದ.

* * *

ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರ್ ಮೆಲ್ಲಗೆ ಮಾತಾಡಿದರು.

"ತಲೆಯೊಳಗೆ ರಕ್ತ ಕಟ್ಟಿತ್ತು. ಬಲಗಡೆ ಕೈಕಾಲು ಹೋಗಿದೆ. ಮಾತೂ ಹೋಗಿದೆ."

"ವಾಪಸ್ ಬರುತ್ತಾ?"

"ಬಿದ್ದ ಕೂಡ್ಲೇ ತಂದಿದ್ರೆ ಉಳಿಸ್ಕೋಬಹುದಿತ್ತು. ಸುಮಾರು ಹೊತ್ತು ಹಾಗೇ ಬಿಟ್ಟಿದಾರೆ. ಈಗ ಬರಲ್ಲ ಅನ್ನೋಕೆ ನನಗೆ ಮನಸ್ಸಾಗ್ತಿಲ್ಲ, ಅಷ್ಟೇ."

ಇನ್ಸ್‌ಪೆಕ್ಟರ್ ಮಂಚದ ಮೇಲೆ ಬಗ್ಗಿದರು. "ಅಮ್ಮಾ, ಬೈಂಡರಾ ಇದನ್ನ ಮಾಡಿದ್ದು?"

ಅಕ್ಕನ ತಲೆ ದಿಂಬಿನ ಮೇಲೆ ಆ ಕಡೆ ಈ ಕಡೆ ಹೊರಳಿತು.

"ಮತ್ತೆ ಯಾರು? ನಾನು ಒಬ್ಬೊಬ್ಬರನ್ನೇ ಹೇಳ್ಲಾ?"

ಅಕ್ಕ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯಿತು. ಮತ್ತೆ ಕಣ್ಣು ತೆರೆಯಲಿಲ್ಲ.

"ಇದನ್ನ ಉತ್ತರ ಅಂತ ತಗೋಬೇಡಿ," ಎಂದರು ಡಾಕ್ಟರ್. "ಹೌದಿಗೂ ಇಲ್ಲಕ್ಕೂ ಹೀಗೇ ತಲೆ ಆಡಿಸ್ತಾರೆ. ಏನು ಅರ್ಥ ಆಗುತ್ತೋ ನಮಗೂ ಗೊತ್ತಾಗ್ತಿಲ್ಲ."

ಇನ್ಸ್‌ಪೆಕ್ಟರ್ ಹೊರಗೆ ಬಂದು ಗೋಡೆಗೆ ಒರಗಿ ನಿಂತರು. ಭಾಷೆ ಬಾರದವರನ್ನು ಅವರು ಮಾತಾಡಿಸಿದ್ದರು. ಸುಳ್ಳು ಹೇಳುವವರನ್ನೂ ಮಾತಾಡಿಸಿದ್ದರು. ಇದು ಆ ಎರಡೂ ಅಲ್ಲ.

* * *

ಠಾಣೆಯ ಬೆಂಚಿನ ಮೇಲೆ ಬೈಂಡರ್ ಕೂತಲ್ಲೇ ಕೂತಿದ್ದ. ಮುಂದಿಟ್ಟ ಟೀ ಆರಿತ್ತು.

"ಒಂದು ಕೇಳ್ತೀನಿ," ಎಂದರು ಇನ್ಸ್‌ಪೆಕ್ಟರ್. "ಧಡ್ ಅಂದಾಗ ನೀನ್ಯಾಕೆ ಮೇಲೆ ಹೋಗ್ಲಿಲ್ಲ?"

ಅವನು ನೆಲ ನೋಡಿದ. "ಬಟ್ಟೆ ಕಟ್ಟಿತ್ತಲ್ಲ ಮೇಡಂ. ಓದೂ ನಿಲ್ಲಲಿಲ್ಲ. ಏನಾದ್ರೂ ಆಗಿದ್ರೆ ಅಕ್ಕೋರ ತಮ್ಮ ನಿಲ್ಲಿಸ್ತಿದ್ರು ಅನ್ಕೊಂಡೆ. ಹೋಗ್ಬೇಕಿತ್ತು. ಹೋಗ್ಬೇಕಿತ್ತು ನಾನು."

"ಯಾವಾಗ್ಲೂ ಹಾಗೇನಾ? ನಿಲ್ಲಿಸದೇ ಓದ್ತಾರಾ?"

"ಎಲ್ಲಿ? ಅಂಥ ಸಾಲು ನಿಲ್ಲಿಸದೇ ಓದೋಕೆ ಯಾರಪ್ಪನ ಕೈಲೂ ಆಗಲ್ಲ. ನಾಲಿಗೆ ತಪ್ಪಿದಾಗೆಲ್ಲ ಒಂದು ಚಪ್ಪಾಳೆ ಹೊಡೀತಾರೆ. ಆಮೇಲೆ ಆ ಜಾಗ ಹುಡುಕಿ ಕತ್ತರಿಸೋಕೆ ಸುಲಭ ಅಂತ. ಕೆಲವು ದಿನ ಓದಿಗಿಂತ ಚಪ್ಪಾಳೆನೇ ಜಾಸ್ತಿ. ನಾವು ಕೆಳಗೆ ಬಾಯಿ ಮುಚ್ಕೊಂಡು ನಗ್ತೀವಿ."

"ಅವತ್ತು ಎಷ್ಟು ಚಪ್ಪಾಳೆ?"

ಬೈಂಡರ್ ಯೋಚಿಸಿದ. "ಒಂದೂ ಇಲ್ಲ. ನಾಲಿಗೆಗೆ ಎಣ್ಣೆ ಹಚ್ಕೊಂಡು ಬಂದಿದಾರೆ ಅನ್ಕೊಂಡೆ."

ಇನ್ಸ್‌ಪೆಕ್ಟರ್ ಎದ್ದರು. "ಏಳು. ಮನೆಗೆ ಹೋಗೋಕಲ್ಲ. ನಿನ್ನ ಜಾಗದಲ್ಲಿ ಹೋಗಿ ಕೂರೋಕೆ."

* * *

ಬೈಂಡರ್ ಕೆಳಗೆ ತನ್ನ ಮಣೆಯ ಮೇಲೆ ಕೂತ. ಕೌಂಟರಿನಾಕೆ ಮುಂದಿನ ಕೋಣೆಯಲ್ಲಿ. ಮೇಲೆ ಓದುವ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಪುಸ್ತಕದ ಒಂದು ಪುಟ ತೆರೆದು ತಮ್ಮನ ಮುಂದಿಟ್ಟರು.

"ಓದಿ."

"ಈಗಲಾ? ಅಕ್ಕ ಆ ಸ್ಥಿತಿಯಲ್ಲಿ ಇರುವಾಗ..."

"ಒಂದೇ ಪುಟ."

ತಮ್ಮ ಗಂಟಲು ಸರಿಮಾಡಿಕೊಂಡ. "ಹುರಿ ಸುರುಳಿ ಉರುಳಿ ಮರಳಿ ಸುರುಳಿ ಹುರಿ, ಮರಳಿ ಉರುಳಿ ಹುರಿ ಸುರುಳಿ ಉರು... ಸುರು..."

ಅವನ ಕೈ ತಾನಾಗಿಯೇ ತಟ್ಟಿತು. ಒಂದೇ ಚಪ್ಪಾಳೆ.

"ಕೇಳಿಸ್ತಾ?" ಇನ್ಸ್‌ಪೆಕ್ಟರ್ ಗಾಳಿಕಿಂಡಿಯತ್ತ ಕೂಗಿದರು.

"ಕೇಳಿಸ್ತು ಮೇಡಂ!" ಕೆಳಗಿನಿಂದ ಬೈಂಡರ್ ಹೇಳಿದ. ಆ ದನಿಯೂ ಕೋಣೆಯೊಳಗೆ ಸ್ಪಷ್ಟವಾಗಿ ಬಂತು.

"ಗುಡುಗಿದ್ರೂ ಕೇಳಲ್ಲ ಅಂದ್ರಿ," ಎಂದರು ಇನ್ಸ್‌ಪೆಕ್ಟರ್. "ಮೆತ್ತೆ ಗೋಡೆಗಿದೆ. ಕಿಂಡಿಗಿಲ್ಲ. ನಿಮ್ಮ ದನಿ ಹೊರಗೆ ಹೋಗೋ ದಾರೀಲೇ ಹೊರಗಿನ ಸದ್ದು ಒಳಗೆ ಬರುತ್ತೆ. ಧಡ್ ಅಂದಿದ್ದು ಕೆಳಗಿನ ಇಬ್ಬರಿಗೂ ಕೇಳಿಸ್ತು. ಪಕ್ಕದ ಕೋಣೆಯ ನಿಮಗೆ ಕೇಳಿಸ್ಲಿಲ್ಲ. ಓದು ಕೆಡ್ತು ಅಂತ ನಿಲ್ಲಿಸ್ಲೂ ಇಲ್ಲ. ಯಾಕಂದ್ರೆ ಅವತ್ತು ಇಲ್ಲಿ ಓದ್ತಿದ್ದದ್ದು ಮನುಷ್ಯ ಅಲ್ಲ, ಸ್ಪೀಕರು. ಮೊದಲೇ ಓದಿ, ಚಪ್ಪಾಳೆ ಇದ್ದ ಜಾಗವನ್ನೆಲ್ಲ ಕತ್ತರಿಸಿ ಇಟ್ಟಿದ್ದ ಓದು. ಅದಕ್ಕೇ ಒಂದು ತಪ್ಪೂ ಇರ್ಲಿಲ್ಲ."

ತಮ್ಮ ಪುಟದ ಮೇಲಿಟ್ಟ ಕೈ ಹಿಂದಕ್ಕೆ ಎಳೆದುಕೊಂಡ.

"ನೀವು ಹೋಗಿದ್ದು ಚಿತ್ರದ ಹಾಳೆ ಕದಿಯೋಕೆ. ಗೂಡಿಂದ ಕಾಣೆಯಾಗಿದ್ದು ಅವೊಂದೇ. ಓದು ಕೇಳಿಸ್ತಿದ್ರೆ ಯಾರೂ ಬರಲ್ಲ ಅಂತ ಧೈರ್ಯ. ಏಣಿ ಹತ್ತಿದ್ರಿ. ಅಕ್ಕ ಬರಿಗಾಲಲ್ಲಿ ಬಂದಿದ್ದು ಗೊತ್ತಾಗ್ಲಿಲ್ಲ. ಗೊತ್ತಾದಾಗ ಅವರು ಏಣಿಯ ಬುಡದಲ್ಲಿದ್ರು."

ಪೇದೆ ಗೋಡೆಯ ಮೆತ್ತೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದ. ಒಂದರ ಹಿಂದೆ ಕೈ ಹಾಕಿ ಎಳೆದ. ಚಿತ್ರದ ಹಾಳೆಗಳು ಜಾರಿ ನೆಲದ ತುಂಬ ಹರಡಿದವು. ಅಷ್ಟೂ ಹಾಳೆಗಳಲ್ಲಿ ಅದೇ ಹುಡುಗ, ಸ್ಟೂಲ್ ಮೇಲೆ, ಬಾಯಿ ತೆರೆದುಕೊಂಡು. ಕೆಳಗೆ ಒಂದು ಸಾಲು: ನನ್ನ ತಮ್ಮ, ನನ್ನ ಮೊದಲ ಓದುಗ.

"ಚಿಕ್ಕಂದಿನಲ್ಲಿ ತೊದಲು ನನಗೆ," ಎಂದ ತಮ್ಮ. ರೇಡಿಯೋದ ದನಿ ಈಗ ಸಣ್ಣದಾಗಿತ್ತು. "ಮನೆಗೆ ಯಾರು ಬಂದ್ರೂ ಅಕ್ಕ ಸ್ಟೂಲ್ ಮೇಲೆ ನಿಲ್ಲಿಸಿ ಈ ಸಾಲುಗಳನ್ನ ಹೇಳಿಸೋಳು. ನಾಲಿಗೆ ತಿರುಗ್ಲಿ ಅಂತ. ಒಂದೊಂದು ಅಕ್ಷರಕ್ಕೂ ಬಂದೋರು ಹೊಟ್ಟೆ ಹಿಡ್ಕೊಂಡು ನಗೋರು. ಈಗ ನನ್ನ ದನಿ ಜೊತೆಗೆ ಆ ಚಿತ್ರಾನೂ ಮಾರ್ತೀನಿ ಅಂದ್ಲು. ಬೇಡ ಅಂದೆ. ಕಾಲು ಹಿಡಿದೆ. 'ಹುಚ್ಚಪ್ಪಾ, ಇದು ನೀನು ಗೆದ್ದ ಕಥೆ ಕಣೋ' ಅಂತ ಗಲ್ಲ ಸವರಿದ್ಲು. ಅವಳಿಗೆ ಅರ್ಥಾನೇ ಆಗ್ಲಿಲ್ಲ ಮೇಡಂ. ಕೊನೇವರೆಗೂ ಆಗ್ಲಿಲ್ಲ."

"ಅಕ್ಕ ಕೆಳಗಿನಿಂದ ಹಾಳೆ ಎಳೆದ್ರಾ?"

"ಎಳೆದ್ಲು. ಪಕ್ಕದ ಪುಸ್ತಕದ ಕಟ್ಟುಗಳನ್ನ ಅವಳ ಮೇಲೆ ತಳ್ಳಿಬಿಟ್ಟೆ."

"ಆಮೇಲೆ?"

"ಬಿದ್ಲು. ನನ್ನೇ ನೋಡ್ತಿದ್ಲು."

"ಆಮೇಲೆ?"

"ಏಣಿ ನೇತುಹಾಕಿ ಇಲ್ಲಿ ಬಂದು ಕೂತೆ."

"ಓದು ಮುಗಿಯೋವರೆಗೂ?"

ತಮ್ಮ ತಲೆಯಾಡಿಸಿದ.

ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿದರು. "ತಳ್ಳಿದ್ದಕ್ಕೆ ನಿಮ್ಮ ವಕೀಲರು ಏನಾದ್ರೂ ಹೇಳಬಹುದು. ಸಿಟ್ಟಲ್ಲಿ ಕೈ ಮೀರಿತು ಅನ್ನಬಹುದು. ನೀವು ಸ್ಪೀಕರ್ ನಿಲ್ಲಿಸಿದ್ರೆ ಸಾಕಿತ್ತು, ಕೆಳಗಿನವರು ಓಡಿ ಬರ್ತಿದ್ರು. ಅವರ ಮಾತು ಉಳೀತಿತ್ತು. ಕೂತಿದ್ದಕ್ಕೆ ಏನು ಹೇಳ್ತಾರೋ ನನಗೆ ಗೊತ್ತಿಲ್ಲ."

ಪೇದೆ ಅವನನ್ನು ಕರೆದುಕೊಂಡು ಇಳಿದ. ಮೆಟ್ಟಿಲ ಬುಡದಲ್ಲಿ ಬೈಂಡರ್ ನಿಂತಿದ್ದ. ತಮ್ಮ ಅವನ ಮುಖ ನೋಡಲಿಲ್ಲ. ಬೈಂಡರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

* * *

ಅಂಗಡಿ ಮುಚ್ಚಿತು. ಹೊಲಿಯದ ಪುಸ್ತಕಗಳು ಹಾಗೇ ಉಳಿದವು. ಕೌಂಟರಿನಾಕೆ ಬೇರೆ ಕಡೆ ಕೆಲಸ ಹುಡುಕಿಕೊಂಡಳು.

ಕೇಸಿನ ಕಾಗದಕ್ಕೆ ಡಾಕ್ಟರ ಸಹಿ ಬೇಕಿತ್ತು. ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋದರು. ಅಕ್ಕನ ಕೋಣೆಯ ಬಾಗಿಲು ತೆರೆದಿತ್ತು. ಮಂಚದ ಪಕ್ಕ ಬೈಂಡರ್ ಕೂತಿದ್ದ. ತಲೆ ಬಾಚಿಕೊಂಡು, ಕೈ ಉಜ್ಜಿ ತೊಳೆದುಕೊಂಡು ಬಂದಿದ್ದ. ಬೇರೆ ಯಾರೂ ಬರುವವರಿಲ್ಲ, ದಿನಾ ಇವರೇ, ಎಂದಳು ನರ್ಸ್. ಮಾತು ಕಲಿಸುವವರು ತೋರಿಸಿಕೊಟ್ಟಿದ್ದನ್ನು ಇವರೇ ಮಾಡಿಸುತ್ತಾರೆ. ಇಲ್ಲಿಯವರೆಗೆ ಏನೂ ಬಂದಿಲ್ಲ.

ಅಕ್ಕನ ಕಣ್ಣು ಸೂರಿನ ಮೇಲಿತ್ತು. ಬೈಂಡರ್ ಒದ್ದೆ ಬಟ್ಟೆಯಿಂದ ಅವರ ತುಟಿಯ ಅಂಚು ಒರೆಸಿದ. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. ಅವರಿಗೆ ಕಾಣುವ ಹಾಗೆ ಮುಖ ಮುಂದಕ್ಕೆ ತಂದು, ಬಾಯಿ ಅಗಲ ಮಾಡಿ ತೋರಿಸಿದ.

"ಅಕ್ಕೋರೇ," ಎಂದ. "'ಅ' ಅನ್ನಿ."