ಫೋಟೋದ ಅಂಚಿನಲ್ಲಿದ್ದ ಕೈ

"ಪುಕ್ಕಟೆ ಕೊಡೋದನ್ನ ಯಾವ ಹುಚ್ಚ ಕದೀತಾನ್ರೀ?" ಎಂದು ಪರಪ್ಪ ಗುಡುಗಿದ. ಕೈಯಲ್ಲಿದ್ದ ಚಹಾ ಬಸಿಗೆ ಚೆಲ್ಲಿತು.

ಎದುರು ಕುಳಿತಿದ್ದ ರಾಧಿಕಾ ಬೆಚ್ಚಿದಳು. ಪತ್ತೇದಾರ ದಾನಪ್ಪ ಮಾತ್ರ ಖಾರಿ ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ, "ನಿನ್ನ ಬಾಯಿಗೆ ಒಂದು ಚಿಲಕ ಹಾಕ್ಕೋ ಮಾರಾಯ. ಆಕಿ ಹೇಳಲಿ," ಎಂದ.

ಚಿಲಕ, ಕೀಲು ಮಾರುವುದೇ ಪರಪ್ಪನ ಕಸುಬು. ಮುಂಬಯಿಯ ಕಾಂದಿವಲಿಯಲ್ಲಿ ಅವನ ಅಂಗಡಿ. ದಾನಪ್ಪ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿದು ಹಿಡಿದು ನಿವೃತ್ತನಾಗಿ, ಮನೆಯ ಹಾಲ್‌ನಲ್ಲೇ ಪತ್ತೇದಾರಿ ಆಫೀಸು ತೆರೆದಿದ್ದ. ಅವನ ಪ್ರತಿ ಕೇಸಿನಲ್ಲೂ ಪರಪ್ಪ ಜೊತೆಗಿದ್ದ. ಪ್ರತಿ ಕೇಸಿನಲ್ಲೂ ತಪ್ಪಾದವನ ಕೊರಳಪಟ್ಟಿಯನ್ನೇ ಹಿಡಿದಿದ್ದ.

ಈ ಸಲ ಅವನ ಸಿಟ್ಟಿಗೆ ಕಾರಣವಿತ್ತು. ಕಳ್ಳನೆಂದು ಎಲ್ಲರೂ ಬೆರಳು ತೋರಿಸುತ್ತಿದ್ದುದು ಅವನ ಸ್ವಂತ ತಂಗಿಯ ಮಗ ನವೀನನ ಕಡೆಗೆ.

ರಾಧಿಕಾ ಪವಾಯಿಯ ತನ್ನ ಮನೆಯಿಂದಲೇ 'ಕಿಂಡಿ' ಎಂಬ ಪತ್ರಿಕೆ ನಡೆಸುತ್ತಿದ್ದಳು. ಮಾಧ್ಯಮ, ಸಂಸ್ಕೃತಿ, ತಂತ್ರಜ್ಞಾನದ ಮೇಲೆ ಬರೆಯುವ ಕನ್ನಡದ ನೆಟ್ ಪತ್ರಿಕೆ. ಚಂದಾ ಇಲ್ಲ, ಜಾಹೀರಾತಿಲ್ಲ, ಧಣಿಯಿಲ್ಲ. ಯಾರು ಬೇಕಾದರೂ ಓದಬಹುದು, ಬರೆದವರ ಹೆಸರು ಹಾಕಿ ಮತ್ತೆ ಅಚ್ಚು ಹಾಕಬಹುದು. ನವೀನ ಅದರ ವೆಬ್‌ಸೈಟು ನೋಡಿಕೊಳ್ಳುತ್ತಿದ್ದ.

"ಬರೋ ಭಾನುವಾರ ಹೊಸ ಸಂಚಿಕೆ ರೀ," ಎಂದಳು ರಾಧಿಕಾ. "ಮುಖ್ಯ ಲೇಖನ ಸೌಮ್ಯಾ ಅನ್ನೋ ಹುಡುಗಿದು. ಊರಿನ ಮದುವಿಗೆ ಮುಂಬಯಿ ಚಾಳಿನಿಂದ ವಿಡಿಯೋ ಕಾಲ್‌ನ್ಯಾಗ ಸೋಬಾನ ಹಾಡೋ ಹೆಣ್ಣುಮಕ್ಕಳ ಬಗ್ಗೆ. ನಿನ್ನೆ ನೋಡಿದ್ರ ಬಾಂದ್ರಾದ ಒಂದು ಪತ್ರಿಕೆಯೊಳಗ ಅದೇ ಲೇಖನ, ಅದೇ ಫೋಟೋ. ಹೆಸರು ಮಾತ್ರ ಯಾರದೋ. ಈಗ ಉಳಿದ ಲೇಖಕರೆಲ್ಲ ತಮ್ಮ ಬರಹ ವಾಪಸ್ ಕೇಳಾಕತ್ತಾರ. ನವೀನನ್ನ ಹೊರಗ ಹಾಕು ಅಂತ ನಮ್ಮ ಸಲಹೆಗಾರ ವಿಕ್ರಂ ಕುಣೀತಾನ. ನವೀನ ಹೋದ್ರ ಕಿಂಡಿ ಮುಚ್ಚಿದಂಗ."

"ನನ್ನ ಅಳಿಯ ಕಳ್ಳನಾ? ಆ ವಿಕ್ರಂನ..."

"ಕೂಡೋ ಪರಪ್ಪಾ." ದಾನಪ್ಪ ಮುಂದೆ ಬಾಗಿದ. "ಪುಕ್ಕಟೆ ಆದ ಮೇಲೆ ಕದಿಯೋಕಾಗಂಗಿಲ್ಲ. ಅದಕ್ಕೇ ಮೊದಲೇ ಕದ್ದಾರ. ಮೊದಲೇ ಕಂಡವರು ಯಾರ್ಯಾರವ್ವ?"

"ಪುಟ ಮಾಡಾಕ ನವೀನ. ಮತ್ತ ಇಬ್ಬರು ಪರೀಕ್ಷಕರು. ಪ್ರತಿ ಲೇಖನವನ್ನ ಇಬ್ಬರು ತಿಳಿದವರು ಓದಿ ಅಭಿಪ್ರಾಯ ಕೊಡ್ತಾರ. ಬರೆದವರು ಯಾರು ಅಂತ ಅವರಿಗೆ ಹೇಳೋದಿಲ್ಲ. ಅವರು ಯಾರು ಅಂತ ಯಾರಿಗೂ ಹೇಳೋದಿಲ್ಲ. ನಿಮಗೂ ಹೇಳೋದಿಲ್ಲ ರೀ."

ಪರಪ್ಪ ಹಣೆ ಚಚ್ಚಿಕೊಂಡ. ದಾನಪ್ಪನಿಗೆ ಮಾತ್ರ ಆಕೆಯ ಹಟ ಹಿಡಿಸಿತು.

"ಹೆಸರು ಬ್ಯಾಡ. ಅವರು ಏನಂದ್ರು ಅಷ್ಟು ಹೇಳು."

"ಒಬ್ಬರು ಹಾಡಿ ಹೊಗಳಿದ್ರು. ಇನ್ನೊಬ್ಬರು ಕಸದ ಬುಟ್ಟಿಗೆ ಹಾಕಿ ಅಂದ್ರು. ನನಗ ಹಿಡಿಸ್ತು, ತಗೊಂಡೆ."

"ಇಬ್ಬರಿಗೂ ಒಂದೇ ತರ ಕಳಿಸಿದ್ಯಾ?"

"ಇಲ್ಲ. ಒಬ್ಬರಿಗೆ ನನ್ನ ಸ್ವಂತ ಮೇಲ್‌ನಿಂದ. ಇನ್ನೊಬ್ಬರಿಗೆ ಸ್ಕ್ರೀನ್ ನೋಡಿದ್ರ ಕಣ್ಣು ನೋಯ್ತದ. ಅವರಿಗೆ ನಮ್ಮನಿ ಪ್ರಿಂಟರಿನ್ಯಾಗ ತೆಗೆದು ಕೊರಿಯರ್ ಮಾಡಿದೆ. ಕರಿ ಶಾಯಿ ಬಿಟ್ರ ಅದರಾಗ ಬ್ಯಾರೆ ಬಣ್ಣ ಇಲ್ಲ."

ದಾನಪ್ಪ ಬಾಂದ್ರಾ ಪತ್ರಿಕೆಯ ಫೋಟೋ ನೋಡಿದ. ಆಮೇಲೆ ಪರಪ್ಪನ ಅಂಗಡಿಯಲ್ಲಿದ್ದ ನವೀನನಿಂದ ಅವನ ಹತ್ತಿರವಿದ್ದ ಫೋಟೋವನ್ನು ಮೊಬೈಲಿಗೆ ತರಿಸಿಕೊಂಡ. ಎರಡನ್ನೂ ಪಕ್ಕದಲ್ಲಿಟ್ಟು, ರಾಧಿಕಾಳಿಗೆ ಒಂದು ಅಂಚು ತೋರಿಸಿ ಮೆಲ್ಲಗೆ ಏನೋ ಕೇಳಿದ. ಆಕೆ ಹೌದೆಂದು ತಲೆಯಾಡಿಸಿದಾಗ ನಕ್ಕ.

"ಆ ಇಬ್ಬರು ಪರೀಕ್ಷಕರೂ ಸೇರಿ ಎಲ್ಲರನ್ನೂ ನಿಮ್ಮನಿಗೆ ಚಹಾಕ್ಕ ಕರಿಯವ್ವ. ಸೌಮ್ಯಾನ್ನೂ ಕರಿ. ಯಾರು ಪರೀಕ್ಷಕರು ಅಂತ ನೀನು ತುಟಿ ಬಿಚ್ಚಬ್ಯಾಡ."

ಪವಾಯಿಗೆ ಹೋಗುವ ರಿಕ್ಷಾದಲ್ಲಿ ಪರಪ್ಪ ಬಾಂದ್ರಾ ಪತ್ರಿಕೆಯನ್ನು ತಿರುವಿದ. ಅಂಕಣಕಾರರ ನಡುವೆ ಪ್ರೊಫೆಸರ್ ಸತ್ಯಮೂರ್ತಿ ಎಂಬ ಹೆಸರು ಕಂಡಿತು. ರಾಧಿಕಾಳ ಅತಿಥಿಗಳಲ್ಲಿ ಅದೇ ಹೆಸರಿನ ಮೈಸೂರು ಕಡೆಯ ಮುದುಕರೊಬ್ಬರಿದ್ದರು. 'ಸಿಕ್ಕಿದೆ ಮಗನೇ' ಎಂದು ಪರಪ್ಪ ಅಂಗಿಯ ತೋಳು ಮಡಿಸಿದ.

ರಾಧಿಕಾಳ ಹಾಲ್‌ನಲ್ಲಿ ಸತ್ಯಮೂರ್ತಿ ಕೋಡುಬಳೆ ಮುರಿಯುತ್ತಿದ್ದರು. ಅವರ ಪಕ್ಕದಲ್ಲಿ ಸೌಮ್ಯಾ ಕುಳಿತಿದ್ದಳು. ವಿಕ್ರಂ ಗಡಿಯಾರ ನೋಡುತ್ತಿದ್ದ. ಮೂಲೆಯಲ್ಲಿ ನವೀನ ಸಪ್ಪಗೆ ಕುಳಿತು, "ಮಾಮಾ, ಕಸಮ್ ಸೇ, ನಾನು ಮಾಡಿಲ್ಲ," ಎಂದ.

"ಸೈಟಿನ ಕೀಲಿಯೆಲ್ಲ ಇವನ ಹತ್ರ. ಇನ್ನೇನು ಪತ್ತೆ ಮಾಡೋದಿದೆ?" ಎಂದ ವಿಕ್ರಂ.

ದಾನಪ್ಪ ಟೀವಿಯ ಮೇಲೆ ಸೌಮ್ಯಾ ತೆಗೆಸಿದ್ದ ಮೂಲ ಫೋಟೋ ಹಾಕಿಸಿದ. ಬೋಗುಣಿಗೆ ಒರಗಿಸಿದ ಮೊಬೈಲಿನ ಮುಂದೆ ಹೆಂಗಸರು ಹಾಡುತ್ತಿದ್ದರು. ಸಾಲಿನ ಕೊನೆಯಲ್ಲಿ ಕುಳಿತಿದ್ದ ಸೌಮ್ಯಾ ಅಜ್ಜಿಯೊಬ್ಬಳ ಹೆಗಲ ಮೇಲೆ ಕೈ ಹಾಕಿದ್ದಳು.

"ಈ ಫೋಟೋದಾಗ ಹೊಸಾದು ಏನೈತಿ?" ಎಂದು ಎಲ್ಲರನ್ನೂ ಕೇಳಿದ.

"ಹೊಸದೇನು? ನಾನು ನೋಡಿದ್ದೇ ಇದು," ಎಂದ ನವೀನ.

ಸತ್ಯಮೂರ್ತಿ ಕೋಡುಬಳೆ ಕೆಳಗಿಟ್ಟರು. "ಅಯ್ಯೋ, ಇದಕ್ಕೆ ಇಷ್ಟೊಂದು ಬಣ್ಣ ಇತ್ತೇನಪ್ಪಾ! ನನಗೆ ಬಂದದ್ದು ಬರೀ ಕಪ್ಪು ಬಿಳುಪು ಕಣಯ್ಯ. ಅಜ್ಜಿ ಹೆಗಲ ಮೇಲೆ ದೆವ್ವದ ಕೈ ಇದ್ದ ಹಾಗಿತ್ತು. ಈ ಮಗು ಕೈಯೇನು ಅದು?" ಎಂದವರು ನಾಲಗೆ ಕಚ್ಚಿದರು. "ಛೆ, ನಾನು ಪರೀಕ್ಷಕ ಅಂತ ನಾನೇ ಊದಿಬಿಟ್ಟೆನಲ್ಲ!"

ಪ್ರೊಫೆಸರರ ಕೊರಳಪಟ್ಟಿಗೆ ಚಾಚಿದ್ದ ಕೈಯನ್ನು ಪರಪ್ಪ ಕೋಡುಬಳೆಯ ತಟ್ಟೆಗೆ ತಿರುಗಿಸಿದ.

"ಕೇಳ್ರಿ," ಎಂದ ದಾನಪ್ಪ. "ಬರೆದವರು ಯಾರು ಅಂತ ಪರೀಕ್ಷಕರಿಗೆ ತಿಳಿಬಾರದು ಅಂತ ರಾಧಿಕಾ ಫೋಟೋದಿಂದ ಸೌಮ್ಯಾನ್ನ ಕತ್ತರಿಸಿದಳು. ಅವಸರದಾಗ ಸೊಟ್ಟ ಕತ್ತರಿಸಿದಳು. ಅರ್ಧ ಬೋಗುಣಿ ಹೋತು, ಕೈ ಒಂದು ಉಳೀತು. ಬಾಂದ್ರಾ ಪತ್ರಿಕೆಯೊಳಗೂ ಅದೇ ಅರ್ಧ ಬೋಗುಣಿ, ಅದೇ ದಿಕ್ಕಿಲ್ಲದ ಕೈ. ನವೀನನ ಹತ್ರ ಇದ್ದದ್ದು ಪೂರ್ತಿ ಫೋಟೋ. ಕತ್ತರಿಸಿದ್ದು ಹೋದದ್ದು ರಾಧಿಕಾನ ಸ್ವಂತ ಮೇಲ್‌ನಿಂದ. ಸೈಟಿನ ಕೀಲಿ ಅಲ್ಲಿ ನಡಿಯಂಗಿಲ್ಲ. ಅಂದ್ರ ಕದ್ದಾತ ಪರೀಕ್ಷಕ. ಪ್ರೊಫೆಸರರಿಗೆ ಹೋದದ್ದು ಕಪ್ಪು ಬಿಳುಪು, ಪತ್ರಿಕೆಯೊಳಗ ಬಂದದ್ದು ಬಣ್ಣದ್ದು. ಉಳಿದಾತ ಇದನ್ನ ಕಸ ಅಂದ. ಇಲ್ಲಿ ಬರದಿದ್ರ ಅಲ್ಲಿ ಬಂದದ್ದು ಯಾರಿಗೂ ತಿಳಿಯಂಗಿಲ್ಲ ಅನ್ನೋ ಲೆಕ್ಕ. ಏನ್ ವಿಕ್ರಂ?"

ವಿಕ್ರಂ ಎದ್ದು ನಿಂತ. "ಇದೆಲ್ಲ ಊಹೆ. ಸಾಕ್ಷಿ ಎಲ್ಲಿದೆ?"

ದಾನಪ್ಪ ಮೊಬೈಲ್ ಎತ್ತಿದ. "ಲೈನಿನ್ಯಾಗ ಅದಾರ. ಬಾಂದ್ರಾದಾಗ ಲೇಖನ ಕೊಟ್ಟೋರು ಯಾರು ಅಂತ ಕೇಳ್ಲೇನು?"

ವಿಕ್ರಂ ಮತ್ತೆ ಕುಳಿತ. "ಬೇಡ, ಫೋನ್ ಇಡಿ. ಪ್ರತಿ ಸಂಚಿಕೆಗೂ ಹೊಸ ಹೆಸರಿಂದ ಒಂದು ಲೇಖನ ತಂದುಕೊಡ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೆ. ಈ ಸಲ ಏನೂ ಸಿಗಲಿಲ್ಲ."

"ಅದಕ್ಕ ನನ್ನ ಅಳಿಯನ ತಲೀ ಮ್ಯಾಲೆ ಕಲ್ಲು ಹಾಕಿದಿ?" ಪರಪ್ಪ ನುಗ್ಗಿದ. ಅಷ್ಟರಲ್ಲಿ ಮೊಬೈಲಿನಿಂದ ಅವನ ಹೆಂಡತಿ ಚಂದ್ರವ್ವನ ದನಿ ಕೇಳಿತು: "ದಾನಪ್ಪಣ್ಣಾ, ಎಷ್ಟೊತ್ತು ಹಿಡಕೊಂಡು ಕೂಡ್ಲಿ? ಅವರು ಬರೋವಾಗ ಕೊತ್ತಂಬರಿ ತರ್ತಾರೋ ಇಲ್ಲೋ?"

ಮೊದಲು ನಕ್ಕವರು ಸತ್ಯಮೂರ್ತಿ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ವಿಕ್ರಂ ಯಾವಾಗ ಬಾಗಿಲು ದಾಟಿದನೋ ಯಾರೂ ನೋಡಲಿಲ್ಲ.

ಬಾಂದ್ರಾದವರು ತಪ್ಪೊಪ್ಪಿ ಸೌಮ್ಯಾಳ ಹೆಸರು ಹಾಕಿದರು. ಲೇಖಕರು ಮರಳಿದರು. ಭಾನುವಾರ ಕಿಂಡಿ ತೆರೆಯಿತು.

ಪರಪ್ಪ ಲೇಖನವನ್ನು ಪೂರ್ತಿ ಓದಿದ. ಎರಡು ಕಡೆ ಕಣ್ಣು ಒರೆಸಿಕೊಂಡ. ತನ್ನ ಅಕ್ಕನೂ ಹಾಗೇ ಹಾಡುತ್ತಿದ್ದಳು. ತಕ್ಷಣ ಅದನ್ನು ಮಾರ್ಕೆಟ್ಟಿನ ಕನ್ನಡಿಗರ ವಾಟ್ಸಪ್ ಗುಂಪಿಗೆ ಹಾಕಿ, ಎದೆಯುಬ್ಬಿಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ.

ನವೀನನ ಫೋನು ಬಂತು. ಹುಡುಗ ನಗು ತಡೆದುಕೊಂಡಿದ್ದ.

"ಮಾಮಾ, ಲೇಖನ ಪೂರಾ ಕಾಪಿ ಮಾಡಿ ಹಾಕಿದ್ದೀರಿ. ಸೌಮ್ಯಾ ಹೆಸರು ಎಲ್ಲಿ?"

ಪರಪ್ಪ ಕನ್ನಡಕ ಏರಿಸಿ ನೋಡಿದ. ಹೆಸರಿನ ಸಾಲನ್ನೇ ಬಿಟ್ಟು ಕಾಪಿ ಮಾಡಿದ್ದ. ಕೆಳಗೆ ಯಾರೋ ಆಗಲೇ ಬರೆದಿದ್ದರು: 'ಪರಪ್ಪಣ್ಣಾ, ಏನ್ ಚಂದ ಬರದೀರಿ!'

"ದಾನಪ್ಪಗ ಹೇಳಬ್ಯಾಡಲೇ," ಎಂದು ಪಿಸುಗುಟ್ಟಿ, ಪರಪ್ಪ ಅವಸರದಲ್ಲಿ ಟೈಪ್ ಮಾಡತೊಡಗಿದ: 'ಬರದಾಕಿ ಸೌಮ್ಯಾ. ನಾನಲ್ಲ. ನಾನು ಚಿಲಕ ಮಾರಾಂವ.'