ಒಂದನೇ ನಂಬರಿನ ಡಬ್ಬಿ

ನಾನಿಲ್ಲದಿದ್ದರೆ ಈ ಕೇಸೇ ಇಲ್ಲ, ಸ್ವಾಮಿ! ಎಫ್‌ಐಆರ್‌ನಲ್ಲಿ ಇನ್ಸ್‌ಪೆಕ್ಟರ್ ಮಧುಕುಮಾರ್ ಹೆಸರಿರಬಹುದು. ಹೀರೋ ಮಾತ್ರ ಈ ದೀಪಕ್. ಬೇಲೂರು, ಹಳೇಬೀಡು, ಗಂಡಸಿ ಸುತ್ತಿ ರೋಗಿಗಳ ಸ್ಯಾಂಪಲ್ಲನ್ನು ಐಸ್ ಪೆಟ್ಟಿಗೆಯಲ್ಲಿ ಅರಸೀಕೆರೆಯ ಪ್ರಯೋಗಾಲಯಕ್ಕೆ ಮುಟ್ಟಿಸುವವನು. ನನ್ನ ಬೈಕ್ ಎಂಟ್ರಿಗೆ ಬ್ಯಾಕ್ಟೀರಿಯಾಗಳೂ ಶಿಳ್ಳೆ ಹೊಡೆಯುತ್ತವೆ.

ಏಪ್ರಿಲ್ 7, ಸೋಮವಾರ, ಬೆಳಗ್ಗೆ 11.20. ಪ್ರಯೋಗಾಲಯದ ಶರ್ಮಿಳಾ ಮೇಡಂ ಠಾಣೆಗೆ ಬಂದು ದೂರು ಕೊಟ್ಟರು. ಜೊತೆಗೆ ನಾನು.

"ಶ್ರೀಜಾ ಅಂತ ಸರ್, ಹತ್ತೊಂಬತ್ತು ವರ್ಷ, ಬಸ್ತಿಹಳ್ಳಿ. ಹೋದ ವಾರ ಇವಳ ಮಲದ ಸ್ಯಾಂಪಲ್ ಬಂತು. ಟೈಫಾಯ್ಡ್ ಬ್ಯಾಕ್ಟೀರಿಯಾ ಬೆಳೀತು. ತಿಳಿಸೋಣ ಅಂತ ಆ ಊರಿಗೆ ಫೋನ್ ಮಾಡಿದ್ರೆ, ಹುಡುಗಿ ಮಾರ್ಚ್ 12ಕ್ಕೇ ತೀರ್ಕೊಂಡಿದ್ದಾಳೆ."

"ಹಳೇ ಸ್ಯಾಂಪಲ್ ಇರ್ಬೇಕು," ಎಂದರು ಇನ್ಸ್‌ಪೆಕ್ಟರ್.

"ಇಲ್ಲ ಸರ್, ತಾಜಾ. ಇವತ್ತು ಇನ್ನೊಂದು ಬಂದಿದೆ."

ಸ್ಯಾಂಪಲ್ ಡಬ್ಬಿಯ ಜೊತೆಗಿದ್ದ ಫಾರಂನಲ್ಲಿ 'ಜ್ವರ ಇದೆಯೇ?' ಎಂಬಲ್ಲಿ ದುಂಡಗಿನ ಅಕ್ಷರ: 'ಇಲ್ಲ. ಮೈ ತಣ್ಣಗಿದೆ.'

ಕಾನ್‌ಸ್ಟೇಬಲ್ ಪುಷ್ಪಲತಾ ಆ ಕಾಗದವನ್ನು ಮಗುಚಿಟ್ಟರು.

12.05ಕ್ಕೆ ಎಫ್‌ಐಆರ್. ನಂತರ ಪಂಚನಾಮೆ, ಡಬ್ಬಿ ಮುಟ್ಟಲು ಪಂಚರಿಬ್ಬರೂ ಒಪ್ಪಲಿಲ್ಲ.

"ಏನ್ಲಾ, ಸತ್ತೋರೇ ತಂದ್ಕೊಟ್ರಾ ನಿಂಗೆ?" ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು.

"ಹಳೇಬೀಡಿನ ಸ್ಯಾಂಪಲ್ ಪೆಟ್ಟಿಗೇಲಿತ್ತು ಸರ್. ಈ ದೆವ್ವದ ಕಾಲ್‌ಶೀಟ್ ಸೋಮವಾರ ಮಾತ್ರ."

"ಡೈಲಾಗ್ ಬೇಡ."

"ಸರ್, ಮುಚ್ಚಳದ ಮೇಲೆ ಮೂರು ಅಂತೈತೆ," ಎಂದರು ಪುಷ್ಪಲತಾ. "ಹೋದ ವಾರದ್ದು ಎರಡು."

ರೋಗಿಯ ಮನೆಗೆ ಸಹಿ ಪಡೆದು ಮೂರು ಡಬ್ಬಿ ಕೊಡುವುದು ಪದ್ಧತಿ ಎಂದು ಶರ್ಮಿಳಾ ವಿವರಿಸಿದರು. ಇನ್ಸ್‌ಪೆಕ್ಟರ್ ಪ್ರಯೋಗಾಲಯದ ರಿಜಿಸ್ಟರ್ ತರಿಸಿದರು. ಮಾರ್ಚ್ 8, ಪಡೆದವರು ಕೋಮಲವಲ್ಲಿ, ತಾಯಿ. ಒಂದನೇ ಡಬ್ಬಿ ಪ್ರಯೋಗಾಲಯಕ್ಕೆ ಬಂದ ದಾಖಲೆಯೇ ಇಲ್ಲ.

ಮನೆ ತೋರಿಸಲು ನನ್ನನ್ನೂ ಜೀಪು ಹತ್ತಿಸಿದರು. 3.40ಕ್ಕೆ ಬಸ್ತಿಹಳ್ಳಿ. ಬಸದಿಯ ಹಿಂದಿನ ಬೀದಿ. ತಟ್ಟುವ ಮೊದಲೇ ಬಾಗಿಲು ತೆರೆಯಿತು. ಶಾಲಾ ಟೀಚರ್ ಕೋಮಲವಲ್ಲಿ ಹೊಸ್ತಿಲಲ್ಲೇ ನಿಂತು, ಬಹಳ ದಿನದಿಂದ ನಮ್ಮನ್ನು ಕಾಯುತ್ತಿದ್ದವರಂತೆ ಕೇಳಿದರು:

"ರಿಪೋರ್ಟ್ ಬಂತಾ?"

ನಾನು ಪುಷ್ಪಲತಾ ಅವರ ಹಿಂದಕ್ಕೆ ಸರಿದೆ.

"ಸ್ಯಾಂಪಲ್ ಯಾರ್ದಮ್ಮ?" ಎಂದರು ಮಧುಕುಮಾರ್.

"ನಂದೇ. ಹೆಸರು ಅವಳ್ದು."

"ಯಾಕೆ?"

"ಅವಳ ರಿಪೋರ್ಟ್ ಬರ್ಲೇ ಇಲ್ಲ ಸರ್. ಅದನ್ನ ನೋಡಿ ಔಷಧಿ ಬದಲಾಯಿಸ್ತೀನಿ ಅಂತ ಡಾಕ್ಟ್ರು ನಾಲ್ಕು ದಿನ ಕಾದ್ರು. ಆಮೇಲೆ ಎಲ್ಲರನ್ನೂ ಕೇಳ್ದೆ. ಯಾರೂ ಉತ್ತರ ಕೊಡ್ಲಿಲ್ಲ. ಸತ್ತವಳ ಹೆಸರಲ್ಲಿ ಕಳಿಸಿದ್ರೆ ಯಾರಾದ್ರೂ ಹುಡುಕ್ಕೊಂಡು ಬರ್ತಾರೆ ಅಂದ್ಕೊಂಡೆ. ಬಂದ್ರಲ್ಲ."

"ನಿಮ್ ಮೈಯಾಗೂ ಅದೇ ರೋಗ ಐತೆ ಕಣಮ್ಮ. ಮೊದ್ಲು ಆಸ್ಪತ್ರೆಗೆ ನಡೀರಿ," ಎಂದರು ಪುಷ್ಪಲತಾ.

ಆಕೆ ಕದಲಲಿಲ್ಲ.

"ಒಂದನೇ ಡಬ್ಬಿ ಎಲ್ಲಿ?" ಎಂದರು ಇನ್ಸ್‌ಪೆಕ್ಟರ್.

"ಅದನ್ನೇ ನಾನು ಕೇಳ್ತಿರೋದು ಸರ್."

ಒಂದನೇ ಡಬ್ಬಿ ಹಳೇಬೀಡಿನ ಕೆರೆಯಲ್ಲಿದೆ. ಮಾರ್ಚ್ 8ರಂದು ಅಲ್ಲಿ ರೀಲ್ ಮಾಡಲು ಬೈಕ್ ನಿಲ್ಲಿಸಿದ್ದೆ. ಡಬ್ಬಿಯನ್ನು ಮೇಲಕ್ಕೆಸೆದು ಹಿಡಿಯುವ ಸ್ಟೈಲು, ಕೈತಪ್ಪಿ ಒಡೆಯಿತು. ಒಡೆದದ್ದನ್ನು ಕೆರೆಗೆ ಎಸೆದೆ. ಹೇಳಿದ್ದರೆ ಅಂದೇ ಎರಡನೇ ಡಬ್ಬಿ ತರಬಹುದಿತ್ತು. ಮೂರು ಕೊಡುವುದೇ ಅದಕ್ಕೆ. ಎಲ್ಲರೂ ನಗುತ್ತಾರೆಂದು ಹೇಳಲಿಲ್ಲ. ಡಾಕ್ಟರ್ ಫೋನ್ ಮಾಡಿದಾಗ, "ಲ್ಯಾಬಿಗೆ ಕೊಟ್ಟಾಯ್ತು ಸರ್" ಎಂದೆ. ನಗುತ್ತಾರೆಂಬ ಹೆದರಿಕೆ, ಅಷ್ಟೇ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

4.10ಕ್ಕೆ ಇದನ್ನೆಲ್ಲ ಒಪ್ಪಿಕೊಂಡೆ. ಪುಷ್ಪಲತಾ ಬಂಧನದ ಕಾಗದದಲ್ಲಿ ನನ್ನ ಹೆಸರು ಬರೆಯುತ್ತಿದ್ದಾಗ ಕೋಮಲವಲ್ಲಿ ಒಂದೇ ಪ್ರಶ್ನೆ ಕೇಳಿದರು.

"ಆ ರೀಲ್ ಎಷ್ಟು ಜನ ನೋಡಿದ್ರಪ್ಪ?"

"ನಲವತ್ತೊಂದು, ಮೇಡಂ."